ಕುಬಸದವರೆಗೆ ಕಾಯಬೇಡಿ: ಹೊಲದ ಎಣ್ಣೆ ಮತ್ತು ಹೊಟ್ಟೆಯಲ್ಲಿನ ಕೂಸು

ರಾಣೇಬೆನ್ನೂರು ಹತ್ತಿ ಹೊಲ:

ಎಲ್ಲರಿಗೂ ನಮಸ್ಕಾರ. ನಮ್ಮದು ರಾಣೇಬೆನ್ನೂರು ತಾಲ್ಲೂಕಿನ ಹಳ್ಳಿ. ಹತ್ತಿ ಬೀಜದ ಪ್ಲಾಟ್ ಮಾಡುತ್ತೇವೆ, ಜೊತೆಗೆ ಒಂದಿಷ್ಟು ಮೆಣಸಿನಕಾಯಿ. ನನ್ನ ಹೆಂಡತಿಗೆ ಈಗ ಎರಡು ತಿಂಗಳು. ಮೊದಲನೆಯವನು ಒಂದನೇ ಕ್ಲಾಸಿನಲ್ಲಿದ್ದಾನೆ. ಒಂದು ಕಡೆ ಕೂರುವುದಿಲ್ಲ. ಎರಡು ಸಾಲು ಬರೆಯುವಷ್ಟರಲ್ಲಿ ಎದ್ದು ಓಡುತ್ತಾನೆ, ಸಿಟ್ಟು ಬಂದರೆ ಕೈಗೆ ಸಿಕ್ಕಿದ್ದು ಎಸೆಯುತ್ತಾನೆ. ಒಮ್ಮೆ ಡಾಕ್ಟರಿಗೆ ತೋರಿಸಿ ಎಂದು ಟೀಚರ್ ಹೇಳಿದ್ದಾರೆ.

ಅವನು ಹೊಟ್ಟೆಯಲ್ಲಿದ್ದಾಗ ಇವಳು ಹಂಗಾಮು ಪೂರ್ತಿ ಬೇರೆಯವರ ಪ್ಲಾಟಿಗೆ ಕ್ರಾಸಿಂಗ್ ಕೂಲಿಗೆ ಹೋಗುತ್ತಿದ್ದಳು. ಈ ಕೆಲಸ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮಧ್ಯಾಹ್ನದ ಮೇಲೆ ಮೊಗ್ಗು ಹಿಡಿದು, ಹೆಬ್ಬೆರಳಿನ ಉಗುರಿನಿಂದ ಒಳಗಿನ ಕೇಸರ ಬಿಡಿಸಬೇಕು. ಮರುದಿನ ಬೆಳಿಗ್ಗೆ ಗಂಡು ಹೂವು ತಂದು ಅದಕ್ಕೆ ಮುಟ್ಟಿಸಬೇಕು. ಒಂದೊಂದೇ ಹೂವು, ಬರಿಗೈಯಲ್ಲಿ. ಗ್ಲೌಸ್ ಹಾಕಿದರೆ ಉಗುರು ಆಡುವುದಿಲ್ಲ. ಬೆಳಿಗ್ಗೆ ಎಣ್ಣೆ (ಕೀಟನಾಶಕ) ಹೊಡೆದ ಸಾಲಿಗೇ ಮಧ್ಯಾಹ್ನ ಇಳಿಯಬೇಕಾಗುತ್ತಿತ್ತು. ಎಲೆ ಇನ್ನೂ ಹಸಿ ಇರುತ್ತಿತ್ತು ಅನ್ನುತ್ತಾಳೆ.

ಮಗ ಹೀಗಿರುವುದಕ್ಕೆ ಅದೇ ಕಾರಣವಾ? ಈಗ ಬರುವ ಕೂಸಿಗೆ ನಾವು ಏನು ಜೋಪಾನ ಮಾಡಬೇಕು? ನಮ್ಮ ಅವ್ವ "ನಾವೆಲ್ಲ ಹೊಲದಾಗ ದುಡಕೋತನ ಹಡದಿಲ್ಲೇನು" ಅನ್ನುತ್ತಾಳೆ. ಹೆಂಡತಿ ಮಾತಾಡದೆ ಅಳುತ್ತಾಳೆ. ತಿಳಿದವರು ಹೇಳಿ.

ಮಕ್ಕಳ ಡಾಕ್ಟರ್, ಹುಬ್ಬಳ್ಳಿ:

ಮೊದಲು ನಿಮ್ಮ ಮನೆಯವರಿಗೆ ಒಂದು ಮಾತು ಹೇಳಿ. ನಿಮ್ಮ ಮಗನನ್ನು ನೋಡಿ "ಇದು ಎಣ್ಣೆಯಿಂದಲೇ ಆಯಿತು" ಎಂದು ಯಾವ ಡಾಕ್ಟರೂ ಹೇಳಲು ಆಗುವುದಿಲ್ಲ. ಮಕ್ಕಳ ಚಡಪಡಿಕೆಗೆ ಕಾರಣ ಬಹಳ. ಮನೆತನದಲ್ಲಿ ಬಂದಿರಬಹುದು, ದಿನ ತುಂಬದೆ ಹುಟ್ಟಿರಬಹುದು, ಕಿವಿ ಸರಿ ಕೇಳಿಸದಿರಬಹುದು, ನಿದ್ದೆ ಸಾಲದಿರಬಹುದು, ರಕ್ತ ಕಡಿಮೆ ಇರಬಹುದು. ಪರೀಕ್ಷೆ ಆಗದೆ ತಾಯಿಯ ತಲೆಗೆ ಕಟ್ಟಬೇಡಿ.

ಆದರೆ ನಿಮ್ಮ ಪ್ರಶ್ನೆ ಸುಮ್ನೆ ಹುಟ್ಟಿದ ಭಯ ಅಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸಲೀನಾಸ್ ಎಂಬ ತರಕಾರಿ ಬೆಳೆಯುವ ಕಣಿವೆ ಇದೆ. ಅಲ್ಲಿನ ಹೊಲದ ಕೂಲಿ ಕುಟುಂಬಗಳ ಸುಮಾರು 600 ಬಸುರಿಯರನ್ನು ಬರ್ಕ್ಲಿ ವಿಶ್ವವಿದ್ಯಾಲಯದವರು 1999-2000ರಲ್ಲಿ ಹೆಸರು ಬರೆಸಿಕೊಂಡು, ಅವರ ಮಕ್ಕಳನ್ನು ವರ್ಷಗಟ್ಟಲೆ ನೋಡುತ್ತಾ ಬಂದರು. ತಾಯಿಯ ಮೂತ್ರದಲ್ಲಿ ಆರ್ಗನೊಫಾಸ್ಫೇಟ್ ಎಂಬ ಗುಂಪಿನ ಕೀಟನಾಶಕಗಳ ಅಂಶ ಎಷ್ಟಿತ್ತು ಎಂದು ಅಳೆದಿಟ್ಟಿದ್ದರು. ಕ್ಲೋರ್‌ಪೈರಿಫಾಸ್ ಈ ಗುಂಪಿನದೇ. ಮಕ್ಕಳಿಗೆ 7 ವರ್ಷ ಆದಾಗ ಬುದ್ಧಿ (ಐಕ್ಯೂ) ಪರೀಕ್ಷೆ ಮಾಡಿದರು. ಅತಿ ಹೆಚ್ಚು ಅಂಶ ಇದ್ದ ತಾಯಂದಿರ ಮಕ್ಕಳು, ಅತಿ ಕಡಿಮೆ ಇದ್ದವರ ಮಕ್ಕಳಿಗಿಂತ ಸರಾಸರಿ 7 ಅಂಕ ಹಿಂದೆ ಇದ್ದರು. ಅದಕ್ಕೂ ಮೊದಲು, 5 ವರ್ಷದಲ್ಲಿ, ಗಮನ ನಿಲ್ಲದಿರುವ ತೊಂದರೆ ಕಂಡಿತ್ತು. ಗಂಡುಮಕ್ಕಳಲ್ಲಿ ಜಾಸ್ತಿ.

ಸರಾಸರಿ ಎಂಬುದನ್ನು ಮರೆಯಬೇಡಿ. ಅದೇ ಹೊಲದಲ್ಲಿ ದುಡಿದ ತಾಯಂದಿರ ಎಷ್ಟೋ ಮಕ್ಕಳು ಚೆನ್ನಾಗಿಯೇ ಓದಿದರು.

ನವಲಗುಂದ ರೈತ:

ಡಾಕ್ಟರ್ ಸಾಹೇಬ್ರ, ನಿಮ್ಮ ಮೇಲೆ ಗೌರವ ಇದೆ. ಆದರೆ ಅಮೆರಿಕದ ಲೆಕ್ಕ ತಂದು ನಮ್ಮ ಹೊಲಕ್ಕೆ ಹಾಕಿದರೆ ಹೇಗೆ? ನಮ್ಮ ತಾಯಿ ಆರು ಮಕ್ಕಳನ್ನು ಹಡೆದಳು, ಎಲ್ಲರೂ ಗಟ್ಟಿಯಾಗಿದ್ದೇವೆ. 2021ರಲ್ಲಿ ಕಪ್ಪು ನುಸಿ ಬಂದು ಮೆಣಸಿನಕಾಯಿ ಹೂವೆಲ್ಲ ಉದುರಿತು. ಎಣ್ಣೆ ಹೊಡೆಯದಿದ್ದರೆ ಸಾಲ ತೀರಿಸುವುದು ಯಾರು? ರೈತನನ್ನೇ ಎಲ್ಲದಕ್ಕೂ ತಪ್ಪಿತಸ್ಥನನ್ನಾಗಿ ಮಾಡುವುದು ಬೇಡ.

ಬ್ಯಾಡಗಿ ಅಕ್ಕ:

ಅಣ್ಣಾರ, ನಿಮ್ಮ ತಾಯಿಯ ಕಾಲದಲ್ಲಿ ಹಂಗಾಮಿಗೆ ಎಷ್ಟು ಸಲ ಹೊಡೆಯುತ್ತಿದ್ದರು? ನಮ್ಮ ಅತ್ತೆ ಹೇಳುವ ಪ್ರಕಾರ ಬೂದಿ ಎರಚುತ್ತಿದ್ದರು, ಅಷ್ಟೇ. ಈಗ ವಾರಕ್ಕೊಮ್ಮೆ ಪಂಪ್ ಬೆನ್ನಿಗೇರುತ್ತದೆ. ಒಂದೇ ಡಬ್ಬಿಗೆ ಎರಡು ಮೂರು ಔಷಧ ಕೂಡಿಸಿ ಹೊಡೆಯುತ್ತಾರೆ. ಎರಡೂ ಕಾಲ ಒಂದೇ ಅಂದರೆ ನಾನು ಒಪ್ಪುವುದಿಲ್ಲ.

ಕೃಷಿ ಪದವೀಧರ, ಧಾರವಾಡ:

ನವಲಗುಂದದ ಅಣ್ಣಾರ ಸಂಕಟ ನಿಜ. ನಾನೂ ರೈತನ ಮಗ. ಎಣ್ಣೆ ಪೂರ್ತಿ ಬಿಡಿ ಎಂದು ಇಲ್ಲಿ ಯಾರೂ ಹೇಳುತ್ತಿಲ್ಲ. ಆದರೆ ಅಮೆರಿಕದವರೆಗೆ ಹೋಗುವುದೇ ಬೇಡ. ಕಾಸರಗೋಡು ನಮ್ಮ ಗಡಿಯಲ್ಲೇ ಇದೆ, ದಕ್ಷಿಣ ಕನ್ನಡ ನಮ್ಮದೇ ರಾಜ್ಯದ ಜಿಲ್ಲೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರ್‌ನಿಂದ ವರ್ಷಾನುಗಟ್ಟಲೆ ಎಂಡೋಸಲ್ಫಾನ್ ಸುರಿದರು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಕಾಸರಗೋಡಿನ ಹಳ್ಳಿಯೊಂದರಲ್ಲಿ 10ರಿಂದ 19 ವರ್ಷದ ಹುಡುಗರನ್ನು ಪರೀಕ್ಷಿಸಿ, ಎಂಡೋಸಲ್ಫಾನ್ ಬೀಳದ ಊರಿನ ಹುಡುಗರ ಜೊತೆ ಹೋಲಿಸಿದರು. 2003ರಲ್ಲಿ ವರದಿ ಪ್ರಕಟವಾಯಿತು. ಆ ಹುಡುಗರಲ್ಲಿ ಪ್ರಾಯ ತಡವಾಗಿ ಬರುತ್ತಿತ್ತು, ವಯಸ್ಸಿಗೆ ಇರಬೇಕಾದಷ್ಟು ಟೆಸ್ಟೋಸ್ಟಿರಾನ್ ಹಾರ್ಮೋನ್ ಇರಲಿಲ್ಲ. ಆ ಮಕ್ಕಳು ಹೊಟ್ಟೆಯಲ್ಲಿದ್ದಾಗಿನಿಂದಲೂ ಆ ಗಾಳಿ, ಆ ನೀರಿನಲ್ಲೇ ಬೆಳೆದವರು. 2011ರಲ್ಲಿ ಮೊದಲು ನಮ್ಮ ರಾಜ್ಯ ಸರ್ಕಾರ, ಆಮೇಲೆ ಸುಪ್ರೀಂ ಕೋರ್ಟ್ ಎಂಡೋಸಲ್ಫಾನ್ ನಿಲ್ಲಿಸಿದವು. ಅಲ್ಲಿಯತನಕ ನಮ್ಮ ಹತ್ತಿ, ತೊಗರಿಗೂ ಅದನ್ನೇ ಹೊಡೆಯುತ್ತಿದ್ದರು.

ಇನ್ನೊಂದು ವಿಷಯ. ಗೊಬ್ಬರದ ಅಂಗಡಿಯಲ್ಲಿ ಡಬ್ಬಿಯ ಮೇಲಿನ ತ್ರಿಕೋನ ತೋರಿಸಿ "ಇದು ಕೆಂಪು ಅಲ್ಲ, ಏನೂ ಆಗಲ್ಲ" ಅನ್ನುತ್ತಾರೆ. ಕೆಂಪು, ಹಳದಿ, ನೀಲಿ, ಹಸಿರು ಬಣ್ಣ ಹಚ್ಚುವುದು ಒಮ್ಮೆಗೆ ಹೊಟ್ಟೆಗೆ ಹೋದರೆ, ಚರ್ಮಕ್ಕೆ ತಾಗಿದರೆ ಎಷ್ಟಕ್ಕೆ ಜೀವ ಹೋಗುತ್ತದೆ ಎಂಬ ಲೆಕ್ಕದ ಮೇಲೆ. ದಿನಾ ಸ್ವಲ್ಪ ಸ್ವಲ್ಪ ಮೈಗೆ ಸೇರಿದರೆ ಹಾರ್ಮೋನಿಗೆ ಏನಾಗುತ್ತದೆ, ಹೊಟ್ಟೆಯಲ್ಲಿನ ಕೂಸಿಗೆ ಏನಾಗುತ್ತದೆ ಎಂಬುದು ಆ ಬಣ್ಣದಲ್ಲಿ ಇಲ್ಲ. ಎಂ-45 ನೋಡಿ. ಮ್ಯಾಂಕೋಜೆಬ್ ಎಂಬ ಶಿಲೀಂಧ್ರನಾಶಕ ಪುಡಿ. ಮೆಣಸಿನಕಾಯಿ, ಉಳ್ಳಾಗಡ್ಡಿ, ದ್ರಾಕ್ಷಿ ಎಲ್ಲದಕ್ಕೂ ಬಳಸುತ್ತೇವೆ. ಅದರ ಮೇಲೆ ಕೆಂಪು ತ್ರಿಕೋನ ಇಲ್ಲ. ಆದರೆ ಅದು ಮೈಯಲ್ಲಿ ಒಡೆದಾಗ ಇಟಿಯು ಎಂಬ ಪದಾರ್ಥ ಆಗುತ್ತದೆ. ಅದು ಥೈರಾಯ್ಡ್ ಕೆಲಸವನ್ನು ತಡೆಯುತ್ತದೆ. ಹುಟ್ಟುವ ಮಕ್ಕಳಿಗೆ ಅಪಾಯ, ಹಾರ್ಮೋನ್ ಕೆಡಿಸುತ್ತದೆ ಎಂದೇ ಯುರೋಪಿನವರು 2020ರ ಕೊನೆಗೆ ಅದರ ಪರವಾನಗಿ ಮುಂದುವರಿಸಲಿಲ್ಲ. ಕ್ಲೋರ್‌ಪೈರಿಫಾಸ್‌ಗೂ ಅದೇ ವರ್ಷ ಅಲ್ಲಿ ಬಾಗಿಲು ಮುಚ್ಚಿತು. ನಮ್ಮಲ್ಲಿ 2020ರ ಮೇ ತಿಂಗಳಲ್ಲಿ 27 ಔಷಧ ನಿಷೇಧಿಸುವ ಕರಡು ಆದೇಶ ಬಂದಿತ್ತು. ಅದರಲ್ಲಿ ಇವೆರಡೂ ಇದ್ದವು. ಇಂದಿಗೂ ಎರಡೂ ಅಂಗಡಿಯಲ್ಲಿ ಸಿಗುತ್ತವೆ.

ನವಲಗುಂದ ರೈತ:

ತ್ರಿಕೋನದ ವಿಷಯ ನನಗೆ ಗೊತ್ತಿರಲಿಲ್ಲ. ಥೈರಾಯ್ಡಿಗೂ ಕೂಸಿನ ಬುದ್ಧಿಗೂ ಏನು ಸಂಬಂಧ, ಸ್ವಲ್ಪ ಬಿಡಿಸಿ ಹೇಳಿ.

ಮಕ್ಕಳ ಡಾಕ್ಟರ್, ಹುಬ್ಬಳ್ಳಿ:

ಬಹಳ ಮುಖ್ಯದ ಪ್ರಶ್ನೆ. ಮೊದಲ ಮೂರು ತಿಂಗಳು ಕೂಸಿಗೆ ಸ್ವಂತ ಥೈರಾಯ್ಡ್ ಕೆಲಸ ಮಾಡುವುದಿಲ್ಲ. ಬೇಕಾದ ಹಾರ್ಮೋನ್ ಎಲ್ಲಾ ತಾಯಿಯಿಂದಲೇ ಬರಬೇಕು. ಮೆದುಳಿನ ಜೀವಕೋಶಗಳು ತಮ್ಮ ತಮ್ಮ ಜಾಗಕ್ಕೆ ಹೋಗಿ ಕೂರುವುದು ಆ ಹಾರ್ಮೋನಿನ ಆಸರೆಯಿಂದ. ತಾಯಿಯಲ್ಲಿ ಅದು ಕಡಿಮೆ ಬಿದ್ದರೆ ಕೂಸಿಗೆ ಬೇರೆ ದಾರಿ ಇಲ್ಲ. ಗಂಡುಕೂಸಾದರೆ ಸುಮಾರು 8ನೇ ವಾರದಿಂದ 14ನೇ ವಾರದೊಳಗೆ ಅದರದೇ ಟೆಸ್ಟೋಸ್ಟಿರಾನ್ ಶುರುವಾಗಿ ಜನನಾಂಗ ರೂಪುಗೊಳ್ಳುತ್ತದೆ. ಆ ಹಾರ್ಮೋನ್ ಮೆದುಳನ್ನೂ ಮುಟ್ಟುತ್ತದೆ.

ಮಾಸು (ಪ್ಲಸೆಂಟಾ) ಇದೆಯಲ್ಲ, ಅದು ಎಲ್ಲವನ್ನೂ ತಡೆಯುತ್ತದೆ ಎಂದು ಹಿಂದೆ ಡಾಕ್ಟರುಗಳೇ ನಂಬಿದ್ದರು. ಅಮೆರಿಕದಲ್ಲಿ 1940ರ ದಶಕದಿಂದ 1971ರವರೆಗೆ, ಗರ್ಭ ನಿಲ್ಲಲಿ ಎಂದು ಡಿಇಎಸ್ ಎಂಬ ಕೃತಕ ಹಾರ್ಮೋನ್ ಗುಳಿಗೆ ಕೊಟ್ಟರು. ತಾಯಂದಿರು ಆರಾಮಾಗಿಯೇ ಕಂಡರು. ಹುಟ್ಟಿದ ಹೆಣ್ಣುಮಕ್ಕಳೂ ಚೆನ್ನಾಗಿಯೇ ಇದ್ದರು. ಹದಿನೈದು ಇಪ್ಪತ್ತು ವರ್ಷ ಕಳೆದ ಮೇಲೆ ಅವರಲ್ಲಿ ಕೆಲವರಿಗೆ ಅಪರೂಪದ ಯೋನಿ ಕ್ಯಾನ್ಸರ್ ಕಾಣಿಸಿತು. "ನಮ್ಮ ತಾಯಿಗೆ ಏನೂ ಆಗಲಿಲ್ಲ" ಎಂಬ ಮಾತಿನಿಂದ ಕೂಸಿನ ಲೆಕ್ಕ ಹಾಕಬೇಡಿ ಅಂತ ನಾನು ಹೇಳುವುದು ಇದಕ್ಕೇ.

ಈಗ ನಮ್ಮ ಕಡೆಯ ಪದ್ಧತಿ ನೋಡಿ. ಐದನೇ ತಿಂಗಳಿಗೋ ಏಳಕ್ಕೋ ಕುಬಸ (ಸೀಮಂತ) ಮಾಡುತ್ತೇವೆ. ಹಸಿರು ಬಳೆ, ಸೀರೆ, ಬಯಕೆ ಊಟ. ಅಲ್ಲಿಂದ ಹೊಲದ ಕೆಲಸ ಬಿಡಿಸುತ್ತೇವೆ. ಪ್ರೀತಿಯ ಪದ್ಧತಿ, ಇರಲಿ. ಆದರೆ ನಾನು ಮೇಲೆ ಹೇಳಿದ ವಾರಗಳೆಲ್ಲ ಅಷ್ಟೊತ್ತಿಗೆ ಮುಗಿದಿರುತ್ತವೆ. ಎಷ್ಟೋ ಹೆಣ್ಣುಮಕ್ಕಳಿಗೆ ತಾವು ಬಸುರಿ ಎಂದು ತಿಳಿಯುವುದೇ ಆರು ಏಳನೇ ವಾರಕ್ಕೆ. ಹೀಗಿರುವಾಗ ಜೋಪಾನದ ಹೊಣೆಯನ್ನು ಆ ಹೆಣ್ಣುಮಗಳ ಮೇಲೆ ಹಾಕುವುದು ನ್ಯಾಯ ಅಲ್ಲ. ಎಣ್ಣೆ ಹೊಡೆಯುವ ದಿನ, ಹೊತ್ತು ಗೊತ್ತು ಮಾಡುವವರು ಪ್ಲಾಟಿನ ಮಾಲೀಕರು. ಪಂಪ್ ಹಿಡಿಯುವವರು ಗಂಡಸರು. ಏನು ಮಾರಬಹುದು ಎಂದು ಹೇಳುವುದು ಸರ್ಕಾರ. ಬದಲಾಗಬೇಕಾದವರು ಅವರು.

ರಾಣೇಬೆನ್ನೂರು ಹತ್ತಿ ಹೊಲ:

ಇದನ್ನು ಅವ್ವನಿಗೂ ಹೆಂಡತಿಗೂ ಕೂಡಿಸಿ ಓದಿ ಹೇಳಿದೆ. ಅವ್ವ ಸುಮ್ಮನೆ ಕೇಳಿಸಿಕೊಂಡಳು. ಈ ಹಂಗಾಮಿಗೆ ಇವಳನ್ನು ಪ್ಲಾಟಿಗೆ ಕಳಿಸುವುದಿಲ್ಲ. ಆದರೆ ನಾನು ಹೊಡೆಯಲೇಬೇಕು. ಮನೆಗೆ ಬಂದಾಗ ಏನು ಜಾಗ್ರತೆ?

ಬ್ಯಾಡಗಿ ಅಕ್ಕ:

ಇದಕ್ಕೆ ನಾನು ಹೇಳುತ್ತೇನೆ ತಮ್ಮಾ. ಹೊಲಕ್ಕೆ ಹೋಗದ ಬಸುರಿಗೂ ಎಣ್ಣೆ ಮುಟ್ಟುವುದು ಬಟ್ಟೆಯಿಂದ. ಗಂಡ ಬಂದು ಅಂಗಿ ಪ್ಯಾಂಟ್ ಬಚ್ಚಲಲ್ಲಿ ಬಿಚ್ಚಿ ಎಸೆಯುತ್ತಾನೆ. ಹೆಂಡತಿ ಅದನ್ನು ಕೂಸಿನ ಬಟ್ಟೆ ಜೊತೆ ನೆನೆ ಹಾಕಿ, ಕೈಯಲ್ಲಿ ತಿಕ್ಕಿ ಒಗೆಯುತ್ತಾಳೆ. ಬೆನ್ನ ಮೇಲೆ, ಸೊಂಟದ ಹತ್ತಿರ ಪಂಪ್ ಸೋರಿದ ಕಡೆ ಅಂಗಿಗೆ ಬಿಳಿ ಕಲೆ ಕೂತಿರುತ್ತದೆ, ಅಲ್ವಾ? ಅದನ್ನೇ ಅವಳು ಜಾಸ್ತಿ ಹೊತ್ತು ತಿಕ್ಕುವುದು.

ನಮ್ಮ ಮನೆಯಲ್ಲಿ ಎಣ್ಣೆ ಹೊಡೆಯುವ ಜೋಡಿ ಬಟ್ಟೆ ಬೇರೆ ಇಟ್ಟಿದ್ದೇವೆ. ಅದು ಹೊಲದ ಶೆಡ್ಡಿನಲ್ಲೇ ಇರುತ್ತದೆ, ಮನೆ ಹೊಸ್ತಿಲು ದಾಟುವುದಿಲ್ಲ. ಹೊಡೆದವರೇ ಬೋರಿನ ಹತ್ತಿರ ಬೇರೆ ಬಕೀಟಿನಲ್ಲಿ ಒಗೆದು ಬಿಸಿಲಿಗೆ ಹಾಕಬೇಕು. ಸೋಪ್ ಹಚ್ಚಿ ಮೈ ತೊಳೆದುಕೊಂಡು, ಬೇರೆ ಬಟ್ಟೆ ಹಾಕಿಕೊಂಡೇ ಮನೆಗೆ ಬರಬೇಕು. ಮಗ ಓಡಿ ಬಂದು ಕಾಲಿಗೆ ಜೋತು ಬೀಳುವುದು, ಎತ್ತಿಕೊಳ್ಳುವುದು ಆಮೇಲೆ. ಔಷಧದ ಖಾಲಿ ಡಬ್ಬಿಯಲ್ಲಿ ಸೀಮೆಎಣ್ಣೆ, ಕಾಳು ತುಂಬಿಡುವುದು ಬಿಡಿ. ಎಣ್ಣೆ ಡಬ್ಬಿ ಮಂಚದ ಕೆಳಗೆ ಇಡುವ ಮನೆಗಳೂ ಇವೆ ನಮ್ಮೂರಲ್ಲಿ. ಹೊಟ್ಟೆ ಉರಿಯುತ್ತದೆ.

ಕೃಷಿ ಪದವೀಧರ, ಧಾರವಾಡ:

ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ. ಪ್ಲಾಟಿನ ಬಗ್ಗೆ ಸೇರಿಸುತ್ತೇನೆ. ಕ್ರಾಸಿಂಗ್ ನಡೆಯುವಾಗ ದಿನಾ ಆಳು ಇಳಿಯುವುದರಿಂದ, ಸಂಜೆ ಕೆಲಸ ಬಿಟ್ಟ ಮೇಲೆ ಹೊಡೆಯುವುದು ಬೆಳಿಗ್ಗೆ ಹೊಡೆಯುವುದಕ್ಕಿಂತ ಒಳ್ಳೆಯದು. ರಾತ್ರಿ ಎಲೆ ಒಣಗುತ್ತದೆ. ಪ್ಲಾಟನ್ನು ಎರಡು ಭಾಗ ಮಾಡಿ, ಹೊಡೆದ ಭಾಗವನ್ನು ಬಿಟ್ಟು ಇನ್ನೊಂದರಲ್ಲಿ ಕೆಲಸ ಮಾಡಿಸಬಹುದು. ಇದು ಪೂರ್ತಿ ರಕ್ಷಣೆ ಅಲ್ಲ. ಬಸುರಿಯನ್ನು ಪ್ಲಾಟಿನಿಂದ ದೂರ ಇಡುವುದೇ ಸರಿ. ಅವಳ ಕೂಲಿ ತಪ್ಪದಂತೆ ಹಾಜರಿ ಬರೆದು, ನೆರಳಿನ ಬೇರೆ ಕೆಲಸ ಕೊಡಬೇಕು. ಕೂಲಿ ಹೋಗುತ್ತದೆ ಎಂಬ ಹೆದರಿಕೆಗೇ ಎಷ್ಟೋ ಜನ ಬಸುರಿ ಎಂದು ಹೇಳುವುದಿಲ್ಲ.

ಮನೆ ಕಟ್ಟುವವರು, ರಿಪೇರಿ ಮಾಡಿಸುವವರು ಇದ್ದರೆ ಕೇಳಿ. ಗೆದ್ದಲಿಗೆ ಪಾಯದಲ್ಲಿ, ಬಾಗಿಲ ಚೌಕಟ್ಟಿಗೆ ಹೊಡೆಯುವುದೂ ಬಹಳ ಸಲ ಕ್ಲೋರ್‌ಪೈರಿಫಾಸೇ. ಮನೆಯಲ್ಲಿ ಬಸುರಿ, ಬಾಣಂತಿ ಇದ್ದರೆ ಮುಂದಕ್ಕೆ ಹಾಕಿ.

ವಿದ್ಯಾನಗರ ತಾಯಿ:

ನಾವು ಹುಬ್ಬಳ್ಳಿ ಪೇಟೆಯವರು, ಹೊಲ ಇಲ್ಲ. ನನಗೂ ಮೂರನೇ ತಿಂಗಳು. ನಮಗೆ ಪ್ಲಾಸ್ಟಿಕ್, ಸೆಂಟ್, ನೇಲ್ ಪಾಲಿಶ್ ಬಗ್ಗೆ ಹೆದರಿಸುತ್ತಾರೆ. ಇದರಲ್ಲಿ ಎಷ್ಟು ನಿಜ ಡಾಕ್ಟರೇ?

ಮಕ್ಕಳ ಡಾಕ್ಟರ್, ಹುಬ್ಬಳ್ಳಿ:

ನಿಜ ಇದೆ, ಆದರೆ ನಿದ್ದೆಗೆಡುವಷ್ಟಲ್ಲ. ಪ್ಲಾಸ್ಟಿಕ್ ಮೆದು ಮಾಡಲು, ಸುವಾಸನೆ ಉಳಿಯಲು ಥ್ಯಾಲೇಟ್ ಎಂಬವನ್ನು ಹಾಕುತ್ತಾರೆ. ಇವು ಟೆಸ್ಟೋಸ್ಟಿರಾನ್ ತಯಾರಿಗೆ ಅಡ್ಡ ಬರುತ್ತವೆ. ಅಮೆರಿಕದ ಶಾನಾ ಸ್ವಾನ್ ಎಂಬ ವಿಜ್ಞಾನಿ 2005ರಲ್ಲಿ, ಬಸಿರಿನಲ್ಲಿ ತಾಯಿಯ ಮೈಯಲ್ಲಿ ಇವು ಜಾಸ್ತಿ ಇದ್ದ ಗಂಡುಕೂಸುಗಳ ಗುದದ್ವಾರ ಮತ್ತು ಜನನಾಂಗದ ನಡುವಿನ ಅಂತರ ಕಡಿಮೆ ಇದ್ದುದನ್ನು ತೋರಿಸಿದರು. ಗರ್ಭದಲ್ಲಿ ಗಂಡು ಹಾರ್ಮೋನ್ ಎಷ್ಟು ಕೆಲಸ ಮಾಡಿತು ಎಂಬುದಕ್ಕೆ ಅದು ಗುರುತು. ಗಟ್ಟಿ ಪ್ಲಾಸ್ಟಿಕ್ಕಿನಲ್ಲಿರುವ ಬಿಸ್ಫಿನಾಲ್ ಎ ಬಗ್ಗೆ ಅಮೆರಿಕದ ಸಿನ್ಸಿನಾಟಿಯಲ್ಲಿ ನಡೆದ ಅಧ್ಯಯನದಲ್ಲಿ ಚಿಕ್ಕ ಹೆಣ್ಣುಮಕ್ಕಳ ನಡವಳಿಕೆಯಲ್ಲಿ ವ್ಯತ್ಯಾಸ ಕಂಡಿತು, ಗಂಡುಮಕ್ಕಳಲ್ಲಿ ಅಷ್ಟಾಗಿ ಇಲ್ಲ.

ಧೈರ್ಯದ ಮಾತು ಏನೆಂದರೆ ಇವೆರಡೂ ಮೈಯಲ್ಲಿ ಉಳಿಯುವುದಿಲ್ಲ. ಒಂದೆರಡು ದಿನದಲ್ಲಿ ಮೂತ್ರದಲ್ಲಿ ಹೋಗುತ್ತವೆ. ಅದೇ ಸಲೀನಾಸಿನಲ್ಲಿ 100 ಹುಡುಗಿಯರಿಗೆ ಮೂರು ದಿನ ಬೇರೆ ಕ್ರೀಮು, ಶಾಂಪೂ ಕೊಟ್ಟು ನೋಡಿದರು. ಸೆಂಟಿನಲ್ಲಿರುವ ಥ್ಯಾಲೇಟಿನ ಅಂಶ 27 ಶೇಕಡಾ ಇಳಿಯಿತು. ಹಾಗಾಗಿ ಇಂದಿನಿಂದ ಬಿಟ್ಟರೂ ಲಾಭ ಇದೆ. ಬಿಸಿ ಸಾರು, ಚಹಾ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಸಿಕೊಂಡು ಬರಬೇಡಿ. ಸ್ಟೀಲ್ ಡಬ್ಬಿ ಒಯ್ಯಿರಿ. ಘಮ್ಮೆನ್ನುವ ಲೋಷನ್, ಸ್ಪ್ರೇ, ನೇಲ್ ಪಾಲಿಶ್ ಕೆಲವು ತಿಂಗಳು ಬೇಡ.

ಸೀಸದ ವಿಷಯದಲ್ಲಿ ಮಾತ್ರ ನಾನು ಗಟ್ಟಿಯಾಗಿ ಹೇಳುತ್ತೇನೆ. ಅದು ಎಲುಬಿನಲ್ಲಿ ವರ್ಷಗಟ್ಟಲೆ ಕೂತಿದ್ದು, ಬಸಿರಿನಲ್ಲಿ ಕ್ಯಾಲ್ಸಿಯಂ ಜೊತೆ ಹೊರಗೆ ಬಂದು ಕೂಸಿಗೆ ಹೋಗುತ್ತದೆ. ಇಷ್ಟರವರೆಗೆ ಪರವಾಗಿಲ್ಲ ಎಂಬ ಮಟ್ಟವೇ ಇಲ್ಲ. ಹಳೆಯ ಮನೆಯ ಬಣ್ಣ ಕೆರೆಯುವಾಗ ಬಸುರಿ ಅಲ್ಲಿ ಇರಬಾರದು. ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90) ಮೀರಬಾರದು ಎಂಬ ನಿಯಮ ಜಾರಿಯಾಗಿದ್ದು 2017ರಲ್ಲಿ, ಅದಕ್ಕಿಂತ ಹಳೆಯ ಗೋಡೆ ನಮ್ಮಲ್ಲಿ ಎಷ್ಟಿಲ್ಲ? ಕಣ್ಣಿಗೆ ಸುರ್ಮಾ ಬೇಡ. ಜಾತ್ರೆಯ ಢಾಳಾದ ಕೆಂಪು ಕುಂಕುಮ ಬೇಡ. ಪಿಎಚ್‌ಸಿಯಲ್ಲಿ ಕೊಡುವ ಕಬ್ಬಿಣ, ಕ್ಯಾಲ್ಸಿಯಂ ಗುಳಿಗೆ ತಪ್ಪಿಸಬೇಡಿ. ಅವು ಸೀಸ ಮೈಗೆ ಹತ್ತುವುದನ್ನು ಕಡಿಮೆ ಮಾಡುತ್ತವೆ.

ವಿದ್ಯಾನಗರ ತಾಯಿ:

ಧನ್ಯವಾದ ಡಾಕ್ಟರೇ. ಜ್ವರಕ್ಕೆ ಪ್ಯಾರಾಸಿಟಮಾಲ್ ತಗೊಂಡರೆ ಮಗುವಿಗೆ ಆಟಿಸಂ ಬರುತ್ತದೆ ಎಂಬ ಮೆಸೇಜ್ ಓಡಾಡುತ್ತಿದೆಯಲ್ಲ?

ಮಕ್ಕಳ ಡಾಕ್ಟರ್, ಹುಬ್ಬಳ್ಳಿ:

ಅದನ್ನು ನಂಬಿ ಜ್ವರ ಮೈಮೇಲೆ ಇಟ್ಟುಕೊಳ್ಳಬೇಡಿ. ಸ್ವೀಡನ್ನಿನಲ್ಲಿ ಸುಮಾರು 24.8 ಲಕ್ಷ ಮಕ್ಕಳ ದಾಖಲೆ ನೋಡಿ 2024ರಲ್ಲಿ ಪ್ರಕಟಿಸಿದರು. ಒಂದೇ ತಾಯಿಯ ಮಕ್ಕಳನ್ನು ಹೋಲಿಸಿದಾಗ ವ್ಯತ್ಯಾಸ ಉಳಿಯಲಿಲ್ಲ. ಜೋರು ಜ್ವರವೇ ಕೂಸಿಗೆ ಕೆಟ್ಟದ್ದು. ಡಾಕ್ಟರನ್ನು ಕೇಳಿ, ಬೇಕಾದಷ್ಟೇ ತೆಗೆದುಕೊಳ್ಳಿ.

ಮುಂಡರಗಿ ಮೇಷ್ಟ್ರು:

ನಮ್ಮ ಗದಗ ಜಿಲ್ಲೆಯ ನೀರಿನ ಬಗ್ಗೆ ಯಾರೂ ಎತ್ತಲಿಲ್ಲ. ಮುಂಡರಗಿ ಕಡೆ ಬೋರಿನ ನೀರಿನಲ್ಲಿ ಫ್ಲೋರೈಡ್. ಕಲೆ ಬಿದ್ದ ಹಲ್ಲು ನನ್ನ ಕ್ಲಾಸಿನಲ್ಲೇ ಸಿಗುತ್ತವೆ. ಹಲ್ಲು, ಎಲುಬಿಗಷ್ಟೇ ಎಂದುಕೊಂಡಿದ್ದ ಕಾಲ ಹೋಯಿತು. ಕೆನಡಾದಲ್ಲಿ 2019ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಬಸುರಿಯ ಮೂತ್ರದಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಜಾಸ್ತಿ ಇದ್ದರೆ ಗಂಡುಮಕ್ಕಳ ಬುದ್ಧಿ ಅಂಕ ಸುಮಾರು 4.5 ಕಡಿಮೆ. ಹೆಣ್ಣುಮಕ್ಕಳಲ್ಲಿ ಹಾಗೆ ಕಾಣಲಿಲ್ಲ. ಡೆನ್ಮಾರ್ಕಿನಲ್ಲಿ ನೋಡಿದಾಗ ಈ ಸಂಬಂಧ ಸಿಗಲಿಲ್ಲ, ಅದನ್ನೂ ಹೇಳಬೇಕು. ಆದರೆ ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರು ಕುಡಿಯುವಲ್ಲಿ ಮಕ್ಕಳ ಬುದ್ಧಿ ಅಂಕ ಕಡಿಮೆ ಇರುವುದು ಕಾಣುತ್ತದೆ ಎಂದು ಅಮೆರಿಕ ಸರ್ಕಾರದ ವಿಷಶಾಸ್ತ್ರ ವಿಭಾಗ 2024ರಲ್ಲಿ ಹೇಳಿತು. ನಮ್ಮ ದೇಶದಲ್ಲಿ ಕುಡಿಯುವ ನೀರಿಗೆ ಇರುವ ಕೊನೆಯ ಮಿತಿಯೂ ಅದೇ 1.5.

ನೀರು ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಗಟ್ಟಿಯಾಗುತ್ತದೆ. ಕ್ಯಾಂಡಲ್ ಫಿಲ್ಟರಿಗೂ ಬಗ್ಗುವುದಿಲ್ಲ. ಆರ್‌ಒ ಘಟಕದ ನೀರು ಅಥವಾ ಹೊಳೆ ನೀರು ಬೇಕು. ಊರಿನ ಘಟಕ ಕೆಟ್ಟು ನಿಂತರೆ ಬಸುರಿ ಇರುವ ಮನೆಯವರು ಪಂಚಾಯಿತಿಗೆ ಹೋಗಿ ಕೂರಬೇಕು. ಕುಡಿಯಲು ಅಷ್ಟೇ ಅಲ್ಲ, ಅಡಿಗೆಗೂ, ಚಹಾಕ್ಕೂ ಅದೇ ನೀರು ಬಳಸಬೇಕು.

ಆಶಾ ಕಾರ್ಯಕರ್ತೆ, ಶಿಗ್ಗಾಂವ:

ಎಲ್ಲರಿಗೂ ನಮಸ್ಕಾರ. ನಾವು ಮನೆ ಮನೆಗೆ ಹೋದಾಗ ಕೇಳುವುದು ಮುಟ್ಟು ಯಾವಾಗ ನಿಂತಿತು, ರಕ್ತ ಎಷ್ಟಿದೆ, ಬಿಪಿ ಎಷ್ಟು. ಎಣ್ಣೆ ಹೊಡೆಯುವ ಕೆಲಸ ಇದೆಯಾ ಎಂದು ತಾಯಿ ಕಾರ್ಡಿನಲ್ಲಿ ಕಾಲಂ ಇಲ್ಲ. ನಾನು ಬಾಯಿಂದಲೇ ಕೇಳಲು ಶುರು ಮಾಡಿದ್ದೇನೆ. ಮುಟ್ಟು ತಪ್ಪಿದ ಕೂಡಲೇ ಹೇಳಿ ಎನ್ನುತ್ತೇನೆ. ನಾಚಿಕೆಗೆ ಮೂರು ತಿಂಗಳು ಮುಚ್ಚಿಡುತ್ತಾರೆ, ದೃಷ್ಟಿ ಆಗುತ್ತದೆ ಎನ್ನುತ್ತಾರೆ.

ಮದುವೆಯಾಗಿ ಮಕ್ಕಳು ಬೇಕು ಎನ್ನುವವರು ಫೋಲಿಕ್ ಆ್ಯಸಿಡ್ ಗುಳಿಗೆಯನ್ನು ಮೊದಲೇ ಶುರು ಮಾಡಬೇಕು. ನಮ್ಮ ಮೇಡಂ ಹೇಳಿದ್ದು, ಕ್ಯಾಲಿಫೋರ್ನಿಯಾದಲ್ಲೇ ನಡೆದ ಇನ್ನೊಂದು ಅಧ್ಯಯನದಲ್ಲಿ ಕೀಟನಾಶಕ ತಾಗಿದ್ದರೂ ಮೊದಲ ತಿಂಗಳಲ್ಲಿ ಈ ಗುಳಿಗೆ ಸಾಕಷ್ಟು ತೆಗೆದುಕೊಂಡ ತಾಯಂದಿರ ಮಕ್ಕಳಲ್ಲಿ ಆಟಿಸಂ ಅಪಾಯ ಅಷ್ಟು ಏರಿರಲಿಲ್ಲ ಅಂತ.

ನವಲಗುಂದ ರೈತ:

ಬಟ್ಟೆಯ ವಿಷಯ, ಸಂಜೆ ಹೊಡೆಯುವ ವಿಷಯ ನಮ್ಮ ಸಂಘದ ಸಭೆಯಲ್ಲಿ ಇಡುತ್ತೇನೆ. ಇದಕ್ಕೆ ದುಡ್ಡು ಬೇಡ. ಆದರೆ ಕೆಟ್ಟ ಔಷಧವನ್ನು ಅಂಗಡಿಯಲ್ಲಿ ಇಟ್ಟು ರೈತನಿಗೆ ಮಾತ್ರ ಬುದ್ಧಿ ಹೇಳಿದರೆ ಸಾಲದು. ಅದನ್ನೂ ಬರೆಯಿರಿ.

ಕೃಷಿ ಪದವೀಧರ, ಧಾರವಾಡ:

ಬರೆಯಲೇಬೇಕು ಅಣ್ಣಾರ. ನ್ಯೂಯಾರ್ಕಿನಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದವರು ಕೂಸುಗಳ ಹೊಕ್ಕುಳಬಳ್ಳಿಯ ರಕ್ತದಲ್ಲಿ ಕ್ಲೋರ್‌ಪೈರಿಫಾಸ್ ಅಳೆಯುತ್ತಿದ್ದರು. ಜಾಸ್ತಿ ಇದ್ದ ಕೂಸುಗಳ ತೂಕ ಕಡಿಮೆ ಇರುತ್ತಿತ್ತು. ಮನೆಯೊಳಗೆ ಅದನ್ನು ಬಳಸುವುದನ್ನು ಅಮೆರಿಕ ಸರ್ಕಾರ ನಿಲ್ಲಿಸಿತು. 2001ರ ನಂತರ ಹುಟ್ಟಿದ ಕೂಸುಗಳ ರಕ್ತದಲ್ಲಿ ಅದರ ಅಂಶ ಬಹಳ ಇಳಿಯಿತು, ತೂಕದ ವ್ಯತ್ಯಾಸವೂ ಕಾಣದಾಯಿತು. ಆ ತಾಯಂದಿರಿಗೆ ಯಾರೂ ಕ್ಲಾಸ್ ತೆಗೆದುಕೊಂಡಿರಲಿಲ್ಲ. ಮಾರುವುದು ನಿಂತಿತು, ಅಷ್ಟೇ. ಧಾರವಾಡದ ಕೃಷಿ ಮೇಳಕ್ಕೆ ಬಂದಾಗ ಕ್ಲೋರ್‌ಪೈರಿಫಾಸ್, ಎಂ-45 ಬದಲಿಗೆ ಏನು ಹೊಡೆಯಬೇಕು ಎಂದು ವಿಶ್ವವಿದ್ಯಾಲಯದ ಮಳಿಗೆಯಲ್ಲಿ ಬಿಡದೆ ಕೇಳಿ. ನಾವು ಕೇಳಿದಷ್ಟೂ ಅವರೂ ಮೇಲೆ ಬರೆಯುತ್ತಾರೆ.

ರಾಣೇಬೆನ್ನೂರು ಹತ್ತಿ ಹೊಲ:

ಹೊಲದಲ್ಲಿ ಬಟ್ಟೆ ಇಡಲು ಪೆಟ್ಟಿಗೆ ಮಾಡಿಸಿದ್ದೇನೆ. ಪ್ಲಾಟ್ ಕೊಡುವ ಏಜೆಂಟರ ಹತ್ತಿರ ಸಂಜೆ ಹೊಡೆಯುವ ಮಾತಾಡಿದೆ, ನಮ್ಮ ಅಕ್ಕಪಕ್ಕದ ಪ್ಲಾಟಿನವರೂ ಒಪ್ಪಿದ್ದಾರೆ. ಇನ್ನು ದೊಡ್ಡ ಮಗನದು ಉಳಿದಿದೆ. ಎಲ್ಲಿ ತೋರಿಸಲಿ?

ಆಶಾ ಕಾರ್ಯಕರ್ತೆ, ಶಿಗ್ಗಾಂವ:

ಅಣ್ಣಾರ, ಶಾಲೆಗೆ ಮಕ್ಕಳ ಆರೋಗ್ಯ ತಪಾಸಣೆಯ ಆರ್‌ಬಿಎಸ್‌ಕೆ ತಂಡ ಬರುತ್ತದೆ. ಟೀಚರಿಗೆ ಹೇಳಿ ಮಗನ ಹೆಸರು ಕೊಡಿಸಿ. ಅವರು ಚೀಟಿ ಕೊಟ್ಟರೆ ಜಿಲ್ಲಾ ಆಸ್ಪತ್ರೆಯ ಡಿಇಐಸಿ ಎಂಬ ಮಕ್ಕಳ ಬೆಳವಣಿಗೆಯ ಕೇಂದ್ರದಲ್ಲಿ ಕಿವಿ, ಕಣ್ಣು, ಮಾತು, ನಡವಳಿಕೆ ಎಲ್ಲಾ ಒಂದೇ ಕಡೆ ನೋಡುತ್ತಾರೆ, ದುಡ್ಡು ಇಲ್ಲ.

ಮಕ್ಕಳ ಡಾಕ್ಟರ್, ಹುಬ್ಬಳ್ಳಿ:

ಹೌದು, ಮೊದಲು ಅಲ್ಲಿ. ಇನ್ನೂ ಬೇಕಾದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಕಳಿಸುತ್ತಾರೆ. ಹೋಗುವಾಗ ತಾಯಿ ಕಾರ್ಡ್, ಹುಟ್ಟಿದಾಗಿನ ತೂಕ ಬರೆದ ಚೀಟಿ, ಮಗನ ನೋಟ್‌ಬುಕ್ ತೆಗೆದುಕೊಂಡು ಹೋಗಿ. ಹೆಂಡತಿ ಕ್ರಾಸಿಂಗ್ ಕೆಲಸ ಮಾಡಿದ್ದು ಯಾವ ತಿಂಗಳು ಎಂಬುದನ್ನೂ ಹೇಳಿ, ಕೇಳದಿದ್ದರೂ ಹೇಳಿ. ತರಬೇತಿ ಬೇಗ ಶುರುವಾದಷ್ಟೂ ಇಂಥ ಮಕ್ಕಳಿಗೆ ಒಳ್ಳೆಯದು. ಈ ವಾರವೇ ಟೀಚರ್ ಹತ್ತಿರ ಮಾತಾಡಿ.